ನಡುಗಡ್ಡೆಯ ಬೇಲಿ

"ಗುರುಗಳೇ, ಚಿಕ್ಕ ಮಕ್ಕಳನ್ನು ಕಾಯಲೆಂದು ನಾವು ಮಾಡುವ ನಿಯಮಗಳು ಅತಿಯಾಗಲಿಲ್ಲವೇ?" ಎಂದು ಶಿಷ್ಯ ಕೇಳಿದ.

ಅವನು ಮಠದ ಮಕ್ಕಳ ಮನೆಯನ್ನು ನೋಡಿಕೊಳ್ಳುವವನು. ಅಲ್ಲಿ ಮೂವತ್ತು ಮಕ್ಕಳಿದ್ದರು, ಎಲ್ಲರೂ ಎಂಟು ವರ್ಷದೊಳಗಿನವರು. ಬಾವಿಯ ಹತ್ತಿರ ಹೋಗಬಾರದು, ಮರ ಹತ್ತಬಾರದು, ಅಡುಗೆಮನೆಗೆ ಕಾಲಿಡಬಾರದು ಎಂಬ ನಿಯಮಗಳು ಮೊದಲಿನಿಂದಲೂ ಇದ್ದವು. ಹಿಂದಿನ ವಾರ ಒಬ್ಬ ಹುಡುಗಿ ಜೋಕಾಲಿಯಿಂದ ಬಿದ್ದು ಕೈ ಮುರಿದುಕೊಂಡಳು. ಹಿರಿಯರು ಕೂಡಿ ಜೋಕಾಲಿಯನ್ನು ಬಿಚ್ಚಿಸಿದರು. ಅಂಗಳದಲ್ಲಿ ಓಡುವುದನ್ನೂ ನಿಲ್ಲಿಸಬೇಕೆಂದು ಅವರಲ್ಲೊಬ್ಬರು ಹೇಳಿದ್ದರು.

"ಎಲ್ಲ ನಿಯಮಗಳನ್ನೂ ತೆಗೆದುಬಿಡೋಣ ಎನಿಸುತ್ತದೆ. ಮಕ್ಕಳು ತಾವೇ ಬೀಳಲಿ, ತಾವೇ ಏಳಲಿ," ಎಂದ ಶಿಷ್ಯ.

ಗುರು ಈ ಕತೆ ಹೇಳಿದರು.

ಒಂದು ದೊಡ್ಡ ಹೊಳೆ. ಅದರ ನಡುಗಡ್ಡೆಯಲ್ಲಿ ಒಂದು ಊರು. ಊರಿನಲ್ಲಿ ಅರವತ್ತು ಮನೆಗಳಿದ್ದವು. ಅವರ ಹೊಲಗಳೆಲ್ಲ ಆಚೆ ದಡದಲ್ಲಿದ್ದವು. ಸಂತೆಗೆ ಹೋಗಲಿ, ಬೀಗರ ಮನೆಗೆ ಹೋಗಲಿ, ಹರಿಗೋಲು ಹತ್ತದೆ ವಿಧಿಯಿರಲಿಲ್ಲ.

ಆ ಊರಲ್ಲಿ ಸುಂಕಮ್ಮ ಎಂಬ ಅಂಬಿಗರ ಹೆಂಗಸಿದ್ದಳು. ಗಂಡ ತೀರಿಕೊಂಡ ಮೇಲೆ ಊರ ಮಕ್ಕಳಿಗೆ ಈಜು ಕಲಿಸುವುದೇ ಅವಳ ಕೆಲಸವಾಯಿತು. ಮಗುವಿಗೆ ಐದು ತುಂಬಿದ ಬೇಸಿಗೆಯಲ್ಲಿ ತಾಯಿ ಅದನ್ನು ಕರೆತಂದು ಸುಂಕಮ್ಮನ ಹತ್ತಿರ ಬಿಡುತ್ತಿದ್ದಳು. ಸುಂಕಮ್ಮ ಅದರ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಹೊಟ್ಟೆಯ ಕೆಳಗೆ ತನ್ನ ಅಂಗೈ ಇಟ್ಟು, ಎದೆಮಟ್ಟದ ನೀರಿನಲ್ಲಿ ಅದರ ಜೊತೆ ನಡೆಯುತ್ತಿದ್ದಳು. ಮೊದಲು ಅಂಗೈ ತೆಗೆಯುತ್ತಿದ್ದಳು. ಬುರುಡೆ ಬಿಚ್ಚುವುದು ಮರುವರ್ಷದ ಮಾತು. ಎರಡು ಬೇಸಿಗೆ ಕಳೆದರೆ ಮಗು ಹೊಳೆಯ ಕೂಸಾಗುತ್ತಿತ್ತು. ಊರಲ್ಲಿ ಅವಳ ಕೈ ದಾಟದೆ ದೊಡ್ಡವರಾದವರು ಇರಲಿಲ್ಲ.

ಆದರೂ ಹೊಳೆ ತನ್ನ ಪಾಲು ಬಿಡುತ್ತಿರಲಿಲ್ಲ. ಮೂರು ನಾಲ್ಕು ವರ್ಷಕ್ಕೊಮ್ಮೆ ಒಂದು ಮಗು ಹೋಗುತ್ತಿತ್ತು. ಊರು ಅಳುತ್ತಿತ್ತು. ಅತ್ತು ಮುಗಿದ ಮೇಲೆ ಮತ್ತೆ ಹರಿಗೋಲು ಹತ್ತುತ್ತಿತ್ತು.

ಒಂದು ಬೇಸಿಗೆಯಲ್ಲಿ ಹಾಗೆ ಹೋದವನು ಕೊಟ್ರ. ಊರ ಯಜಮಾನ ಪಂಪನಗೌಡನ ಮಗಳು ಈರಮ್ಮನ ಮಗ. ಐದು ವರ್ಷದವನು. ಸುಂಕಮ್ಮನ ಹತ್ತಿರ ಎಂಟೇ ದಿನ ನೀರಿಗೆ ಇಳಿದಿದ್ದ. ಒಂಬತ್ತನೆಯ ದಿನ ಮಧ್ಯಾಹ್ನ ಯಾರಿಗೂ ಹೇಳದೆ ಒಬ್ಬನೇ ಬಂಡೆಯ ಕೆಳಗಿನ ಮಡುವಿಗೆ ಹೋದ. ಅಂಬಿಗರು ಎರಡು ದಿನ ಬಿದಿರ ಗಳ ಹಾಕಿ ಹುಡುಕಿದರು. ಮೂರನೆಯ ದಿನ ಜೊಂಡಿನಲ್ಲಿ ಸಿಕ್ಕಿದ.

ಮಣ್ಣು ಮಾಡಿ ಬಂದ ಮೇಲೆ ಗೌಡ ಸುಂಕಮ್ಮನನ್ನು ಕರೆಸಿದ.

"ಹುಡುಗ ನೀರು ಕಂಡರೆ ನನ್ನ ಕಾಲು ತಬ್ಬಿಕೊಳ್ಳತಿದ್ದ. ಆ ಹೆದರಿಕೆ ಬಿಡಿಸಿದವಳು ನೀನು," ಎಂದ.

ಸುಂಕಮ್ಮ ಇಲ್ಲವೆನ್ನಲಿಲ್ಲ. "ಖರೆ ಗೌಡ್ರೆ. ಎಂಟು ದಿನಕ್ಕೆ ಹೆದರಿಕೆ ಹೋಗ್ತದೆ, ಈಜು ಬರೋದಿಲ್ಲ. ಆ ನಡುವಿನ ದಿನಗಳೇ ಕೆಟ್ಟವು. ಆಗ ಮಗುವಿನ ಮೇಲಿನ ಕಣ್ಣು ತೆಗೀಬಾರದು. ನಾನು ಅವತ್ತು ಉಣ್ಣೋಕೆ ಹೋಗಿದ್ದೆ."

ಗೌಡನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ.

ಮರುದಿನ ಊರು ಕೂಡಿಸಿ ನಿಯಮ ಮಾಡಿದ. ಹನ್ನೆರಡು ತುಂಬದ ಯಾವ ಮಗುವೂ ಹೊಳೆ ಮುಟ್ಟಬಾರದು. ನಡುಗಡ್ಡೆಯ ಸುತ್ತ ಜಾಲಿಮುಳ್ಳಿನ ಬೇಲಿ ಬಂತು. ಹರಿಗೋಲು ಕಟ್ಟುವ ಕಡೆ ಮಾತ್ರ ಒಂದು ಬಾಗಿಲು, ಅಲ್ಲಿ ಒಬ್ಬ ಕಾವಲುಗಾರ. ಯಾರ ಮಗು ಬೇಲಿ ದಾಟಿದರೂ ಆ ಮನೆಯವರನ್ನು ಒಂದು ತಿಂಗಳು ಹರಿಗೋಲಿಗೆ ಹತ್ತಿಸುವಂತಿರಲಿಲ್ಲ. ಸುಂಕಮ್ಮನ ಮನೆಯ ಸೋರೆಬುರುಡೆಗಳನ್ನೆಲ್ಲ ತಂದು ಚಾವಡಿಯ ಮುಂದೆ ಒಡೆದರು.

ಒಬ್ಬ ರೈತ ಎದ್ದು ನಿಂತು ಕೇಳಿದ: "ಗೌಡ್ರೆ, ನಾವು ಹೊಳೆಯೊಳಗಿನ ಮಂದಿ. ಮಕ್ಕಳಿಗೆ ನೀರೇ ಗೊತ್ತಾಗದಿದ್ದರೆ ಹೆಂಗೆ?"

"ನಿನ್ನ ಮಗು ಮೂರನೇ ದಿನ ಜೊಂಡಿನಲ್ಲಿ ಸಿಗಲಿ. ಆಮೇಲೆ ಬಂದು ಕೇಳು," ಎಂದ ಗೌಡ.

ರೈತ ಕುಳಿತ. ಮತ್ತೆ ಯಾರೂ ಏಳಲಿಲ್ಲ. ಅಂಥ ದುಃಖದ ಎದುರಿಗೆ ಯಾರು ತಾನೇ ವಾದ ಮಾಡುತ್ತಾರೆ? ಮೇಲಾಗಿ ತಾಯಂದಿರಿಗೆ ಒಳಗೊಳಗೇ ಸಮಾಧಾನವಾಗಿತ್ತು. ಇನ್ನು ಕೆಲಸದ ನಡುವೆ ನಾಲ್ಕು ಸಲ ಹೊರಗೆ ಬಂದು ಮಗುವಿನ ಹೆಸರು ಕೂಗಬೇಕಾಗಿರಲಿಲ್ಲ. ಬೇಲಿ ನೋಡಿಕೊಳ್ಳುತ್ತಿತ್ತು.

ವರ್ಷಗಳು ಕಳೆದವು. ಈಜು ಕಲಿಯದೆ ಬೆಳೆದ ಮೊದಲ ತಂಡದ ಮಕ್ಕಳಿಗೆ ಹನ್ನೆರಡು ತುಂಬಿತು. ಬೇಲಿಯ ಬಾಗಿಲು ತೆಗೆಯಬೇಕಾದ ದಿನ ಬಂತು. ಗೌಡ ದಡ್ಡನಲ್ಲ. ಈಜು ಬಾರದ ಹನ್ನೆರಡರ ಹುಡುಗನನ್ನು ಹೊಳೆಗೆ ಬಿಟ್ಟರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಹನ್ನೆರಡನ್ನು ಹದಿನೈದು ಮಾಡಿದ. ಹದಿನೈದಾದ ಮೇಲೆ ಹದಿನೆಂಟು ಮಾಡಿದ. ಹರಿಗೋಲಿನಲ್ಲಿ ಮಕ್ಕಳು ನಡುವೆ ಕೂರಬೇಕು, ಅಂಚಿನ ಕಡೆಗೆ ಮುಖ ಮಾಡಬಾರದು, ನೀರಿಗೆ ಕೈ ಬಿಡಬಾರದು ಎಂಬ ನಿಯಮಗಳೂ ಸೇರಿದವು. ಕೊನೆಗೆ ತಾಯಂದಿರೇ ಮಕ್ಕಳನ್ನು ಹರಿಗೋಲು ಹತ್ತಿಸುವುದನ್ನು ನಿಲ್ಲಿಸಿದರು. ಮಕ್ಕಳು ಬೇಲಿಯ ಸಂದಿಯಿಂದ ಹೊಳೆ ನೋಡುತ್ತ ಬೆಳೆದರು.

ಹನ್ನೊಂದು ವರ್ಷ ಹೊಳೆ ಒಂದು ಮಗುವನ್ನೂ ಒಯ್ಯಲಿಲ್ಲ. ಸುತ್ತಲಿನ ಊರವರು ಬಂದು ಬೇಲಿ ನೋಡಿ, ಗೌಡನಿಗೆ ಕೈಮುಗಿದು ಹೋಗುತ್ತಿದ್ದರು. ಈರಮ್ಮನಿಗೆ ಇನ್ನೊಂದು ಮಗುವಾಗಿತ್ತು, ಹೆಣ್ಣು. ಹಂಪಮ್ಮ ಎಂದು ಹೆಸರಿಟ್ಟಿದ್ದರು. ಅವಳಿಗೆ ಒಂಬತ್ತು ವರ್ಷ. ಗೌಡ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಇವಳು ಬೇಲಿ ಉಳಿಸಿಕೊಟ್ಟ ಕೂಸು," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ.

ಹನ್ನೆರಡನೆಯ ವರ್ಷ ನಡುಗಡ್ಡೆಯ ಒಬ್ಬ ಹುಡುಗನಿಗೆ ಆಚೆ ದಡದ ಊರಿಂದ ಹೆಣ್ಣು ಗೊತ್ತಾಯಿತು. ಮದುವೆ ಹೆಣ್ಣಿನ ಮನೆಯಲ್ಲಿ. ಮಕ್ಕಳನ್ನು ಬಿಟ್ಟು ಮದುವೆಗೆ ಹೋಗುವುದು ಹೇಗೆ? ಮಕ್ಕಳು ಗೋಗರೆದರು. ಬೆಳಗ್ಗೆ ಹೊಳೆ ಶಾಂತವಾಗಿತ್ತು. ಗೌಡನೇ ಬಾಗಿಲಲ್ಲಿ ನಿಂತು ಹತ್ತಿಸಿದ. ಒಂದೊಂದು ಹರಿಗೋಲಿನಲ್ಲೂ ಮಕ್ಕಳನ್ನು ನಡುವೆ ಕೂರಿಸಿ, ಸುತ್ತ ದೊಡ್ಡವರನ್ನು ಕೂರಿಸಿದರು.

ಮೂರು ಹರಿಗೋಲುಗಳು ದಾಟಿದವು. ನಾಲ್ಕನೆಯದರಲ್ಲಿ ಹಂಪಮ್ಮ ಸೇರಿ ಒಂಬತ್ತು ಮಕ್ಕಳು, ಈರಮ್ಮ ಸೇರಿ ಐದು ಜನ ಹೆಂಗಸರು, ಒಬ್ಬ ಅಂಬಿಗ. ಹೊಳೆಯ ನಡುವೆ ಅದು ಒಂದು ಸುಳಿಗೆ ಸಿಕ್ಕಿ ಸುತ್ತು ತಿರುಗಿತು. ಹರಿಗೋಲು ಸುತ್ತುವುದು ಹೊಸದಲ್ಲ. ಹೆಂಗಸರು ನಕ್ಕರು. ಅಂಚಿನಿಂದ ಒಂದು ಬೊಗಸೆಯಷ್ಟು ನೀರು ಹಾರಿ ಒಳಗೆ ಬಿತ್ತು. ಒಂದು ಮಗು ಚೀರಿ ಎದ್ದು ನಿಂತಿತು. ಅದನ್ನು ಹಿಡಿದುಕೊಂಡು ಇನ್ನೊಂದು ಎದ್ದಿತು. "ಕೂರ್ರಿ, ಕೂರ್ರಿ," ಎಂದು ಅಂಬಿಗ ಕೂಗಿದ. ಮಕ್ಕಳೆಲ್ಲ ಒಂದೇ ಕಡೆಗೆ ಸರಿದರು. ಹರಿಗೋಲು ಮಗುಚಿತು.

ಅಲ್ಲಿಂದ ಹತ್ತಿರದ ಮರಳ ದಿಬ್ಬಕ್ಕೆ ಇದ್ದದ್ದು ಮೂವತ್ತು ಮಾರು. ಹಿಂದಿನ ಮಕ್ಕಳು ಪಂದ್ಯ ಕಟ್ಟಿ ಈಜುತ್ತಿದ್ದದ್ದು ಅಷ್ಟೇ ದೂರ.

ಅಂಬಿಗ ಇಬ್ಬರು ಮಕ್ಕಳನ್ನು ದಿಬ್ಬಕ್ಕೆ ಸೇರಿಸಿದ. ಒಬ್ಬ ಹೆಂಗಸು ಒಬ್ಬನನ್ನು ಕೂದಲು ಹಿಡಿದು ಎಳೆದು ತಂದಳು. ಈರಮ್ಮನಿಗೆ ಹಂಪಮ್ಮ ಸಿಕ್ಕಿದಳು. ನೀರು ತಿಳಿಯದ ಮಗು ತಾಯಿಯ ಕೊರಳನ್ನು ಬಿಗಿಯಾಗಿ ತಬ್ಬಿತು. ತಾಯಿಗೆ ಕೈ ಆಡಿಸಲು ಆಗಲಿಲ್ಲ. ಇಬ್ಬರೂ ಮುಳುಗಿದರು. ಎದ್ದಾಗ ತಾಯಿ ಒಬ್ಬಳೇ ಎದ್ದಳು.

ಆರು ಮಕ್ಕಳು ಹೋದರು. ದೊಡ್ಡವರು ಎಲ್ಲರೂ ಉಳಿದರು. ದಿಬ್ಬದ ಮೇಲೆ ಐವರು ಹೆಂಗಸರು ಒದ್ದೆ ಸೀರೆಯಲ್ಲಿ ಕುಳಿತಿದ್ದರು. ತಮಗೆ ಈಜು ಬಂದದ್ದಕ್ಕೆ ತಮ್ಮ ಕೈಗಳನ್ನೇ ನೆಲಕ್ಕೆ ಬಡಿದುಕೊಳ್ಳುತ್ತಿದ್ದರು.

ಈರಮ್ಮ ಅಪ್ಪನ ಜೊತೆ ಮಾತು ಬಿಟ್ಟಳು. ಗೌಡ ಆರು ದಿನ ಅನ್ನ ಮುಟ್ಟಲಿಲ್ಲ. ಏಳನೆಯ ದಿನ ಎದ್ದು, ಯಾರನ್ನೂ ಕರೆಯದೆ, ತಾನೇ ಬೇಲಿ ಕೀಳತೊಡಗಿದ. ಮುಳ್ಳು ತರಚಿ ಮೊಣಕೈವರೆಗೆ ರಕ್ತವಾಯಿತು. ಸಂಜೆಯಾಗುವಷ್ಟರಲ್ಲಿ ಊರವರೂ ಕೈ ಸೇರಿಸಿದರು. ಕಿತ್ತ ಮುಳ್ಳಿಗೆ ಬೆಂಕಿ ಇಟ್ಟರು.

ಆಮೇಲೆ ಗೌಡ ಸುಂಕಮ್ಮನ ಮನೆಗೆ ಹೋದ. ಅವಳು ಮುದುಕಿಯಾಗಿದ್ದಳು. ಬಾಗಿಲಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು.

"ತಪ್ಪಾಯಿತು, ಸುಂಕಮ್ಮ. ನಾಳೆಯಿಂದ ಮತ್ತೆ ಕಲಿಸು."

"ಗೌಡ್ರೆ, ಈ ಕೈಲಿ ಈಗ ನೀರು ತುಂಬಿದ ಚೊಂಬು ನಿಲ್ಲೋದಿಲ್ಲ. ಮಗುವನ್ನ ಹಿಡಿಯೋಕೆ ಆಗದವಳು ಮಗುವನ್ನ ನೀರಿಗೆ ಇಳಿಸಬಾರದು," ಎಂದಳು ಅವಳು.

ಗೌಡ ಅಲ್ಲಿಂದ ಎದ್ದು ಬಂದು ಹೊಸ ನಿಯಮ ಮಾಡಿದ. ಐದು ತುಂಬಿದ ಪ್ರತಿ ಮಗುವೂ ದಿನ ಬೆಳಗ್ಗೆ ಹೊಳೆಗೆ ಇಳಿಯಲೇಬೇಕು. ಕಲಿಸುವವರು ಬೇಕಿಲ್ಲ, ಮೀನಿಗೆ ಯಾರು ಕಲಿಸಿದರು, ಹೊಳೆಯೇ ಕಲಿಸುತ್ತದೆ ಎಂದ. ಊರಲ್ಲಿ ಈಜು ಬಲ್ಲವರು ಬೇಕಾದಷ್ಟು ಜನ ಇದ್ದರು. ಆದರೆ ಆರು ಮಕ್ಕಳನ್ನು ನುಂಗಿದ ನೀರಿಗೆ ಕಾಲಿಡಲು ಅವರಿಗೆ ಧೈರ್ಯ ಬರಲಿಲ್ಲ. ಕೆಲವರಿಗೆ ಹೊಲದ ಕೆಲಸವಿತ್ತು. ತಾವು ಬರದೆ ಮಕ್ಕಳನ್ನಷ್ಟೇ ಕಳುಹಿಸಿದರು.

ಮಕ್ಕಳು ಅಳುತ್ತ ಇಳಿದರು. ಹನ್ನೊಂದು ವರ್ಷ ಮುಟ್ಟಬೇಡ ಎಂದ ನೀರು ಅದು. ಗೌಡ ದಡದ ಬಂಡೆಯ ಮೇಲೆ ಕುಳಿತು, "ಕೈ ಬಡೀರಿ, ಕಾಲು ಬಡೀರಿ," ಎಂದು ಕೂಗುತ್ತಿದ್ದ. ಹಿಂದೆ ಸರಿದವರನ್ನು ಕೋಲು ತೋರಿಸಿ ಮುಂದೆ ನೂಕುತ್ತಿದ್ದ. ಕೆಲವು ಮಕ್ಕಳು ಕಲಿತವು. ಅವನ ಮುಖದಲ್ಲಿ ಸ್ವಲ್ಪ ಗೆಲುವು ಬಂತು.

ಎಂಟು ಹತ್ತು ದಿನ ಕಳೆದವು. ಕುಂಬಾರರ ಓಬಮ್ಮನ ಮಗ ತಿಪ್ಪೇಶ ಅಳುವುದನ್ನು ನಿಲ್ಲಿಸಿದ್ದ. ಏಳು ವರ್ಷದವನು. ಅಂದು ನಗುತ್ತಲೇ ಇಳಿದ. ಎಲ್ಲರಿಗಿಂತ ಎರಡು ಹೆಜ್ಜೆ ಮುಂದೆ ಹೋದ. ಅವನ ತಲೆ ಒಮ್ಮೆ ಕಂಡಿತು, ಮತ್ತೊಮ್ಮೆ ಕಂಡಿತು. ಆಡುತ್ತಿದ್ದಾನೆಂದು ಗೌಡ ತಿಳಿದ. ಮಕ್ಕಳು ಕಿರುಚಿದರು. ಹೊಲಕ್ಕೆ ಹೊರಟಿದ್ದ ಒಬ್ಬ ರೈತ ಬುತ್ತಿ ಎಸೆದು ಓಡಿ ಬಂದು ಧುಮುಕಿದ. ಎತ್ತಿ ತಂದ. ಅಷ್ಟರಲ್ಲಿ ಆಗಿಹೋಗಿತ್ತು. ಬಂಡೆಯಿಂದ ಅಲ್ಲಿಗೆ ಇದ್ದದ್ದು ನಾಲ್ಕು ಮಾರು.

ಓಬಮ್ಮ ಬಂದಳು. ಮಗನನ್ನು ಎತ್ತಿಕೊಂಡು ಬಂಡೆಯ ಹತ್ತಿರ ನಿಂತಳು. ಅವಳ ಕೈಯಲ್ಲಿ ಗಡಿಗೆ ಮಾಡುವ ತಿಗರಿಯ ಮಣ್ಣು ಇನ್ನೂ ಹಸಿಯಾಗಿತ್ತು.

"ಬೇಲಿ ಹಾಕಿದಾಗ ಮಕ್ಕಳಿಗೋಸ್ಕರ ಅಂದ್ರಿ. ನಾನು ಹೂಂ ಅಂದೆ. ಬೇಲಿ ಕಿತ್ತಾಗಲೂ ಮಕ್ಕಳಿಗೋಸ್ಕರ ಅಂದ್ರಿ. ಆಗಲೂ ಹೂಂ ಅಂದೆ ಗೌಡ್ರೆ."

ಅಷ್ಟೇ ಹೇಳಿದಳು. ಮಗನನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ನಡೆದಳು. ಗೌಡ ಕೋಲು ಕೆಳಗಿಟ್ಟ. ಅಂದಿನಿಂದ ಅವನು ಯಾವ ನಿಯಮವನ್ನೂ ಮಾಡಲಿಲ್ಲ. ಯಾರೂ ಕೇಳಲೂ ಇಲ್ಲ.

ಮತ್ತೆ ಬೇಲಿ ಹಾಕಬೇಕೆಂದು ಕೆಲವರು, ಬೇಡವೆಂದು ಕೆಲವರು ಚಾವಡಿಯಲ್ಲಿ ಜಗಳವಾಡಿದರು. ಜಗಳ ತೀರಲಿಲ್ಲ. ಮಕ್ಕಳಿದ್ದವರು ಒಬ್ಬೊಬ್ಬರಾಗಿ ಆಚೆ ದಡಕ್ಕೆ ಮನೆ ಸಾಗಿಸಿದರು. ಮೊದಲು ಹೋದವಳು ಓಬಮ್ಮ, ಅವಳ ಹಿಂದೆ ಈರಮ್ಮ. ಮೂರು ವರ್ಷದಲ್ಲಿ ನಡುಗಡ್ಡೆಯಲ್ಲಿ ಮುದುಕರು ಮಾತ್ರ ಉಳಿದರು. ಸುಂಕಮ್ಮ ಅಲ್ಲೇ ಸತ್ತಳು. ಗೌಡನೂ ಅಲ್ಲೇ ಸತ್ತ. ಅವನನ್ನು ಹೊರಲು ನಾಲ್ಕು ಜನ ಸಿಗದೆ ಆಚೆ ದಡದಿಂದ ಜನರನ್ನು ಕರೆಸಬೇಕಾಯಿತು.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಉತ್ತರ ಸಿಕ್ಕಿದಂತಾಗಲಿಲ್ಲ.

"ಗೌಡ ಕೆಟ್ಟವನಲ್ಲ, ಗುರುಗಳೇ. ಎರಡು ಸಲವೂ ಮಕ್ಕಳು ಬದುಕಲಿ ಎಂದೇ ಬಯಸಿದ. ಹಾಗಾದರೆ ಅವನ ತಪ್ಪು ಯಾವುದು? ಬೇಲಿ ಹಾಕಿದ್ದೋ, ಕಿತ್ತದ್ದೋ?"

ಗುರು ಹೇಳಿದರು: "ಎರಡು ಸಲವೂ ಅವನ ಧೋತರದ ಅಂಚು ನೆನೆಯಲಿಲ್ಲ."

ಶಿಷ್ಯ ಎದ್ದು, ಮಕ್ಕಳು ಆಡುತ್ತಿದ್ದ ಅಂಗಳಕ್ಕೆ ಇಳಿದ.