ಅಕ್ಕನ ಪೂರ್ವಪಕ್ಷ

ನಂಬಿಕಸ್ಥರ ಮಾತೂ ಒಂದು ಪ್ರಮಾಣ ಎಂದು ತರ್ಕಶಾಸ್ತ್ರ ಒಪ್ಪುತ್ತದೆ. ಆದ್ದರಿಂದ ಈ ಪ್ರಸಂಗವನ್ನು ಹೇಳುತ್ತಿರುವವಳು ಯಾರೆಂದು ಮೊದಲು ತಿಳಿಸುವುದು ಉಚಿತ.

ಕಪಿಲೆಯ ದಡದಲ್ಲಿ ನಮ್ಮ ಮನೆತನಕ್ಕೆ ತಲೆಮಾರುಗಳಿಂದ ಒಳ್ಳೆಯ ಹೆಸರಿದೆ. ಮುತ್ತಜ್ಜ ಅಮಲ್ದಾರರಾಗಿದ್ದರು. ಅಜ್ಜ ಊರಿಗೆ ಸ್ನಾನಘಟ್ಟ ಕಟ್ಟಿಸಿದರು. ತಂದೆ ಹೆಣ್ಣುಮಕ್ಕಳನ್ನು ಕಾನ್ವೆಂಟಿಗೆ ಕಳುಹಿಸಿದರು, ಮನೆಯಲ್ಲಿ ಮಾತ್ರ ತಪ್ಪಿಲ್ಲದ ಕನ್ನಡವನ್ನೇ ಆಡಿಸಿದರು. ಕೇಳದ್ದನ್ನು ಕೇಳಿದೆವೆಂದು ಹೇಳಿದವರು ನಮ್ಮಲ್ಲಿ ಯಾರೂ ಇಲ್ಲ.

ಆ ಘಟ್ಟದ ಮೇಲಿನ ಆಶ್ರಮದಲ್ಲಿ ಆ ದಿನ ನಾನು ಕುಳಿತಿದ್ದೆ. ಕೇಳಿದ್ದನ್ನಷ್ಟೇ ಬರೆಯುತ್ತೇನೆ.

ಆಶ್ರಮದ ಗುರುಗಳು ನರಹರಿ ಶಾಸ್ತ್ರಿಗಳು. ತರ್ಕ ಕಲಿಸುತ್ತಿದ್ದರು. ಬಹಳ ನಿಧಾನವಾಗಿ ಮಾತಾಡುತ್ತಿದ್ದರು.

ಸುಧನ್ವ ಎಂಬ ಯುವಕ ಬಂದು, ನಮಸ್ಕರಿಸಿ, ಶಿಷ್ಯನಾಗಬೇಕೆಂದ.

“ಈವರೆಗೆ ಏನು ಓದಿದ್ದೀಯಪ್ಪ?”

“ತತ್ತ್ವಶಾಸ್ತ್ರ, ತರ್ಕ, ವಿಮರ್ಶಾತ್ಮಕ ಚಿಂತನೆ. ಎಲ್ಲವನ್ನೂ ಆನ್‌ಲೈನ್‌ನಲ್ಲಿ. ಈಗ ಇಂಟರ್‌ನೆಟ್‌ನಲ್ಲಿ ಸಿಗದ್ದೇ ಇಲ್ಲ ಗುರುಗಳೇ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳ ಪಾಠ, ವಿಶ್ವಕೋಶ, ಪಾಡ್‌ಕಾಸ್ಟ್. ತರ್ಕದೋಷಗಳಿಗೇ ಒಂದು ಆ್ಯಪ್ ಇದೆ.”

“ಸಂತೋಷ. ಒಂದು ಗ್ರಂಥಕ್ಕಾಗಿ ನಾನು ಕಾಶಿಯವರೆಗೆ ಹೋಗಿದ್ದೆ. ಪಾಠಗಳು ಚೆನ್ನಾಗಿವೆಯೇ?”

“ಬಹಳ ಚೆನ್ನಾಗಿವೆ. ಆದರೆ ನಿಧಾನ. ಎರಡು ಪಟ್ಟು ವೇಗದಲ್ಲಿ ಹಾಕಿಕೊಂಡು ಕೇಳುತ್ತೇನೆ.”

“ಹಾಗೆಂದರೆ...”

“ಅವರು ಒಂದು ಗಂಟೆ ಹೇಳಿದ್ದು ನನಗೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.”

“ನನ್ನನ್ನೂ ಹಾಗೆ ಓಡಿಸಬೇಕೆನ್ನಿಸುತ್ತಿದೆಯೇ?”

“ನಿಜ ಹೇಳಬೇಕೆಂದರೆ, ಸ್ವಲ್ಪ.”

ಗುರುಗಳು ನಕ್ಕರು.

“ಇಷ್ಟೆಲ್ಲ ಕೈಯಲ್ಲೇ ಇರುವಾಗ ಇಲ್ಲಿಗೇಕೆ ಬಂದೆ?”

ಸುಧನ್ವ ನೀರಿನ ಕಡೆ ನೋಡಿದ.

“ಒಂದು ವಾದದಲ್ಲಿ ಗೆದ್ದೆ. ಅಂದಿನಿಂದ ಅಕ್ಕ ನನ್ನೊಡನೆ ಮಾತಾಡುತ್ತಿಲ್ಲ. ನನ್ನ ತರ್ಕದಲ್ಲಿ ಎಲ್ಲಿ ತಪ್ಪಾಯಿತೋ ತಿಳಿಯಬೇಕು.”

“ಅಕ್ಕ ಎಲ್ಲಿದ್ದಾಳೆ?”

“ಚಳ್ಳಕೆರೆಗೆ ಕೊಟ್ಟಿದ್ದೇವೆ. ಮಂದಾಕಿನಿ ಅಂತ ಹೆಸರು. ಅಪ್ಪ ಅಮ್ಮ ಹೋದಮೇಲೆ ನನಗೆ ಅವಳೊಬ್ಬಳೇ. ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ‘ಊಟ ಆಯ್ತೇನೋ, ಏನು ಸಾರು?’ ಅದೇ ಪ್ರಶ್ನೆ. ಆಗ ಬೇಸರವಾಗುತ್ತಿತ್ತು. ಈಗ ಸಂಜೆಯಾದರೆ ಫೋನನ್ನು ಎದುರಿಗಿಟ್ಟುಕೊಂಡು ಕೂರುತ್ತೇನೆ. ಸಾರು ಮಾಡಿರುತ್ತೇನೆ. ಕೇಳುವವರಿಲ್ಲ.”

“ನೀನೇ ಫೋನ್ ಮಾಡಬಹುದಲ್ಲ.”

“ಗೆದ್ದವನು ನಾನು, ಗುರುಗಳೇ. ಏನೆಂದು ಮಾಡಲಿ?”

“ವಾದ ಯಾವುದು?”

“ಗೌರಿ ಹಬ್ಬಕ್ಕೆ ತವರಿನ ಬಾಗಿನ ತೆಗೆದುಕೊಂಡು ಬಾ ಎಂದು ವಾಯ್ಸ್ ಮೆಸೇಜ್ ಕಳಿಸಿದ್ದಳು. ಕಾರಣಗಳನ್ನೂ ಕೊಟ್ಟಿದ್ದಳು. ಎಲ್ಲರ ಮನೆಗೂ ಬರುತ್ತಾರೆ ಎಂದಳು. ಎಲ್ಲರೂ ಮಾಡುತ್ತಾರೆಂದು ಒಂದು ಕೆಲಸ ಸರಿಯಾಗುವುದಿಲ್ಲ. ಅಮ್ಮನ ಕಾಲದಿಂದ ನಡೆದು ಬಂದದ್ದು ಎಂದಳು. ಹಳೆಯದೆಂಬುದು ಹೇತುವಲ್ಲ. ನೀನು ಬರದಿದ್ದರೆ ಬೇಜಾರಾಗುತ್ತದೆ ಎಂದಳು. ಅದು ಕನಿಕರ ಹುಟ್ಟಿಸಿ ಗೆಲ್ಲುವ ದೋಷ. ಒಂದೊಂದಕ್ಕೂ ಹೆಸರು ಬರೆದು ಕಳಿಸಿದೆ.”

“ಅವಳು?”

“‘ಸರಿ ಕಣೋ’ ಎಂದು ಬರೆದಳು. ಅಷ್ಟೇ.”

“ಹಬ್ಬಕ್ಕೆ ಹೋದೆಯಾ?”

“ಇಲ್ಲ. ಆನ್‌ಲೈನ್‌ನಲ್ಲಿ ಸೀರೆ ಕಳಿಸಿದೆ.”



“ಪೂರ್ವಪಕ್ಷದ ಬಗ್ಗೆ ನಿನ್ನ ಪಾಠಗಳಲ್ಲಿ ಹೇಳಿದ್ದಾರೆಯೇ?”

“ಹೇಳಿದ್ದಾರೆ. ಎದುರಿನವರ ಮಾತನ್ನು ಖಂಡಿಸುವ ಮೊದಲು, ಅವರೇ ‘ಹೌದು, ಇದೇ ನನ್ನ ಮಾತು’ ಎನ್ನುವ ಹಾಗೆ ಅದನ್ನು ಹೇಳಬೇಕು.”

“ಹಾಗಾದರೆ ಪಾಠದಲ್ಲಿ ಕೊರತೆಯಿಲ್ಲ. ಹೇಳು, ನಿನ್ನ ಅಕ್ಕನ ಪೂರ್ವಪಕ್ಷವೇನು?”

“ತಮ್ಮ ಬಾಗಿನ ತರಬೇಕು ಎಂಬುದು.”

“ಅಲ್ಲ.”

“ಸಂಪ್ರದಾಯ ಉಳಿಯಬೇಕು ಎಂಬುದು.”

“ಅಲ್ಲ.”

“ಅವಳ ಮಾತನ್ನು ನೀವು ಕೇಳಿಯೇ ಇಲ್ಲ. ಅಲ್ಲವೆಂದು ಹೇಗೆ ಹೇಳುತ್ತೀರಿ?”

“ಆಕ್ಷೇಪ ಸರಿಯಾಗಿದೆ. ಕೇಳಿಸು.”

ಗುರುಗಳ ಎದುರು ಫೋನ್ ತೆಗೆಯುವುದು ನಮ್ಮ ಮನೆಯಲ್ಲಿ ಸಲ್ಲದ ನಡತೆ. ಅವರೇ ಕೇಳಿದ್ದರಿಂದ ನಾನು ಸುಮ್ಮನಿದ್ದೆ.

ಹೆಂಗಸಿನ ಧ್ವನಿಯೊಂದು ಕೀರಲಾಗಿ ಗಡಗಡನೆ ಓಡಿ ನಿಂತಿತು. ಅವನು ಹೇಳಿದ ಕಾರಣಗಳೆಲ್ಲ ಅದರಲ್ಲಿದ್ದವು.

“ನಿನ್ನ ಅಕ್ಕ ಮಾತಾಡುವುದು ಹೀಗೆಯೇ?”

“ಅಲ್ಲ. ಇದು ಎರಡು ಪಟ್ಟು ವೇಗದಲ್ಲಿದೆ. ಎಲ್ಲವನ್ನೂ ಹಾಗೆಯೇ ಕೇಳಿ ರೂಢಿ.”

“ಅವಳ ವೇಗದಲ್ಲಿ ಅವಳನ್ನು ಕೇಳಿದ್ದೀಯಾ?”

ಸುಧನ್ವ ವೇಗ ತಗ್ಗಿಸಿ ಮತ್ತೆ ಹಾಕಿದ.

“ಸುಧೀ...” ಎಂದಿತು ಧ್ವನಿ. ನಿಂತಿತು. ಹಿಂದೆಲ್ಲೋ ಕುಕ್ಕರ್ ಕೂಗಿತು. “ಗೌರಿ ಹಬ್ಬ ಬಂತಲ್ಲೋ. ಇಲ್ಲಿ... ಎಲ್ಲರ ಮನೆಗೂ ತವರಿಂದ ಬರ್ತಾರೆ. ನೀನೂ ಬಾಗಿನ ತಗೊಂಡು ಬಾರೋ. ಅಮ್ಮನ ಕಾಲದಿಂದ ತಪ್ಪಿಲ್ಲ.” ಮತ್ತೆ ನಿಂತಿತು. ಮೂಗೇರಿಸಿದ ಸದ್ದು. “ಮೊರ ಖಾಲಿ ಇದ್ರೂ ಪರವಾಗಿಲ್ಲ. ನೀನು ಬರ್ದೇ ಇದ್ರೆ... ಬೇಜಾರಾಗುತ್ತೆ ಕಣೋ.”

ಆಮೇಲೆ ಬಹಳ ಹೊತ್ತು ಮಾತಿರಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ಅವಳು ಇನ್ನೂ ರೆಕಾರ್ಡ್ ಗುಂಡಿಯಿಂದ ಬೆರಳು ತೆಗೆದಿರಲಿಲ್ಲ.

“ಖಾಲಿ ಮೊರದ ಮಾತನ್ನು ನೀನು ನನಗೆ ಹೇಳಲಿಲ್ಲ,” ಎಂದರು ಗುರುಗಳು.

“ಅದು ಕಾರಣವಲ್ಲವೆಂದು ಬಿಟ್ಟೆ.”

“ಈಗ ಪೂರ್ವಪಕ್ಷ ಹೇಳು.”

ಅವನು ಹೇಳಲು ತಡಮಾಡಿದ. ಗುರುಗಳು ಅವಸರಪಡಿಸಲಿಲ್ಲ.

“ಅಕ್ಕನಿಗೆ ನನ್ನನ್ನು ನೋಡಬೇಕಾಗಿತ್ತು.”

“ಹೌದು. ಇನ್ನು ಖಂಡಿಸು.”



“ಆಗುವುದಿಲ್ಲ.”

“ಏಕೆ? ಆ್ಯಪ್‌ನಲ್ಲಿ ಇದಕ್ಕೆ ಹೆಸರಿಲ್ಲವೇ?”

“ನನಗೂ ಅವಳನ್ನು ನೋಡಬೇಕು, ಗುರುಗಳೇ.”

ಅವನ ಹೆಬ್ಬೆರಳು ಫೋನಿನ ಮೇಲೆ ಆಡತೊಡಗಿತು.

“ಹೇಗೆ ಶುರು ಮಾಡಲಿ? ಹಬ್ಬ ಕಳೆದುಹೋಗಿದೆ. ಆವತ್ತು ಯಾವ ಅರ್ಥದಲ್ಲಿ ಬರೆದೆ ಎಂಬುದನ್ನು ಮೊದಲು ವಿವರಿಸಿ, ಆಮೇಲೆ...”

“ಬರೆಯಬೇಡ. ಚಳ್ಳಕೆರೆಗೆ ಹೋಗು. ಕ್ಷಮೆ ಕೇಳು.”