ಜೋಗುಳದ ಮೊಳೆಗಳು

ನ್ಯೂಯಾರ್ಕಿನ ಬೀದಿಯಲ್ಲಿ ಇಟಲಿಯ ನುಂಜಿಯೊ ಹಿಡಿಕೆ ತಿರುಗಿಸಿದರೆ ಅವನ ವಾದ್ಯದ ಪೆಟ್ಟಿಗೆ ಹಾಡುತ್ತಿತ್ತು, ಕೋತಿ ಕುಣಿಯುತ್ತಿತ್ತು. ಪೆಟ್ಟಿಗೆಯೊಳಗಿನ ಮರದ ಉರುಳೆಗೆ ಹೊಡೆದ ಮೊಳೆಗಳೇ ಅದರ ಹಾಡುಗಳು. ಜನ ಅಮೆರಿಕದ ಹಾಡು ಬೇಕೆಂದಾಗಲೆಲ್ಲ ಅವನು ತನ್ನೂರಿನ ಹಾಡೊಂದರ ಮೊಳೆಗಳನ್ನು ಕಿತ್ತು ಹೊಸ ಹಾಡಿನವುಗಳನ್ನು ಹೊಡೆಯುತ್ತಿದ್ದ. ಕೊನೆಗೆ ತಾಯಿಯ ಜೋಗುಳವೊಂದೇ ಉಳಿಯಿತು.

"ಇದನ್ನೂ ಕೀಳುತ್ತಾನೆ. ನೀನಾದರೂ ತಡೆ," ಎಂದಿತು ಪೆಟ್ಟಿಗೆ.

"ನನ್ನ ಸರಪಳಿ ಅವನ ಕೈಯಲ್ಲಿದೆ. ಹಾಡು ಯಾವುದಾದರೇನು, ಕುಣಿದು ಕಾಸಿಗೆ ಟೋಪಿ ಚಾಚುವುದಷ್ಟೇ ನನಗೆ ಗೊತ್ತು," ಎಂದಿತು ಕೋತಿ.

ಅವನು ಅದನ್ನೂ ಕಿತ್ತ.

ಮರುವಾರ ತಾಯಿ ತೀರಿಕೊಂಡಳೆಂದು ಕಾಗದ ಬಂತು. ನುಂಜಿಯೊ ಪೆಟ್ಟಿಗೆಯನ್ನು ತಬ್ಬಿಕೊಂಡು ಹಿಡಿಕೆ ತಿರುಗಿಸಿದ. ಹೊರಟದ್ದು ಅಮೆರಿಕದ ಕುಣಿತದ ಹಾಡು. ಬಿಕ್ಕುತ್ತಾ ತಿರುಗಿಸುತ್ತಲೇ ಇದ್ದ.

ಕೋತಿ ಎಂದಿನಂತೆ ಕುಣಿಯಿತು. ಹಾಡು ಮುಗಿದಾಗ ಅವನೆದುರೇ ಟೋಪಿ ಚಾಚಿತು.