ಸಾಕವ್ವನ ನಾಲ್ಕು ಕೆರೆಗಳು

ಮಕ್ಕಳೇ, ದಟ್ಟವಾದ ಒಂದು ಕಾಡಿನ ನಡುವೆ ತಾವರೆಗೆರೆ ಎಂಬ ಕೆರೆಯಿತ್ತು. ಆಚೆ ದಡದಲ್ಲಿ ಹಣ್ಣಿನ ಪೊದೆಗಳು. ಈಚೆ ದಡದಲ್ಲಿ ಈಜು ಬಾರದ ಅಳಿಲು, ಇಲಿ, ಓತಿಕ್ಯಾತಗಳು. ಸಾಕವ್ವ ಎಂಬ ಆಮೆ ಅವರನ್ನೆಲ್ಲ ಬೆನ್ನ ಮೇಲೆ ಕೂರಿಸಿಕೊಂಡು ದಾಟಿಸುತ್ತಿದ್ದಳು. ಮರಳುವಾಗ ಒಂದು ಹಣ್ಣು ಕೊಟ್ಟರೆ ಆಯಿತು. ಕೈಲಾಗದವರಿಗೆ ಅದೂ ಬೇಡ.

ಸುಲಭದ ಕೆಲಸವೇನಲ್ಲ ಅದು. ಹದ್ದಿನ ನೆರಳು ನೀರಿನ ಮೇಲೆ ಬಿದ್ದರೆ ಯಾವ ಆಮೆಯಾದರೂ ಥಟ್ಟನೆ ಮುಳುಗಿಬಿಡುತ್ತದೆ. ಹಾಗೆ ಮುಳುಗದಿರಲು ಸಾಕವ್ವ ಇಡೀ ಒಂದು ಚಳಿಗಾಲ ಬೆನ್ನ ಮೇಲೆ ಕಲ್ಲು ಹೊತ್ತು, ಹದ್ದು ಬಂದರೂ ಅದು ನೀರಿಗೆ ಜಾರದಂತೆ ಈಜಿ ಕಲಿತಿದ್ದಳು.

ಸುದ್ದಿ ಹಬ್ಬಿತು. ಪಕ್ಕದ ಮೂರು ಕೆರೆಗಳವರೂ ಬಂದು, ತಮ್ಮಲ್ಲೂ ದಾಟಿಸುವಂತೆ ಕೇಳಿದರು. ಸಾಕವ್ವ ಉಬ್ಬಿಹೋದಳು. "ಹುಣ್ಣಿಮೆಯೊಳಗೆ ನಿಮ್ಮಲ್ಲೂ ಶುರು ಮಾಡ್ತೀನಿ," ಎಂದು ಮಾತು ಕೊಟ್ಟು, ಒಂಬತ್ತು ಆಮೆಗಳನ್ನು ಸೇರಿಸಿದಳು.

ಅವರಲ್ಲಿ ಬೋರಿ ಎಂಬವಳು ಕೇಳಿದಳು, "ಅಕ್ಕ, ನಮಗೂ ಕಲ್ಲು ಹೊತ್ತು ಅಭ್ಯಾಸ ಬೇಕಲ್ಲ? ನನಗೆ ಹದ್ದು ಅಂದ್ರೆ ಭಯ."

"ಅದಕ್ಕೆಲ್ಲ ಹೊತ್ತೆಲ್ಲಿದೆ? ಮಾಡ್ತಾ ಮಾಡ್ತಾ ಬರುತ್ತೆ, ಹೋಗು."

ಕೆಲಸ ಶುರುವಾದ ಮೂರನೇ ದಿನ, ಆ ಮೂರು ಕೆರೆಗಳಲ್ಲೊಂದಾದ ಬಿದಿರುಗೆರೆಯ ನಡುನೀರಿನಲ್ಲಿ ಹದ್ದಿನ ನೆರಳು ಬಿತ್ತು. ಬೋರಿ ಮುಳುಗಿದಳು. ಅವಳ ಬೆನ್ನ ಮೇಲೆ ಅಳಿಲು ಚಿಂಗವ್ವ ಮತ್ತು ಎರಡು ಮರಿಗಳಿದ್ದವು. ನೀರುನಾಯಿಯೊಂದು ಧುಮುಕಿ ತಾಯಿಯನ್ನೂ ಒಂದು ಮರಿಯನ್ನೂ ಎಳೆದು ತಂದಿತು. ಇನ್ನೊಂದು ಮರಿ ಸಿಗಲಿಲ್ಲ.

ಸಾಕವ್ವ ಬರುವಷ್ಟರಲ್ಲಿ ದಡದಲ್ಲಿ ಎಲ್ಲರೂ ಬೋರಿಯನ್ನು ಬೈಯುತ್ತಿದ್ದರು. "ನಿನ್ನದೇನೂ ತಪ್ಪಿಲ್ಲ ಬಿಡವ್ವ, ಇವಳು ಹೇಡಿ," ಎಂದರು.

ಒಂದು ಗಳಿಗೆ ಆ ಮಾತು ಸಾಕವ್ವನಿಗೆ ಹಿತವಾಗಿಯೇ ಕೇಳಿಸಿತು. ಬೋರಿ ತಲೆಯೆತ್ತಲಿಲ್ಲ; ತಾನು ಕೇಳಿಕೊಂಡಿದ್ದನ್ನು ಯಾರಿಗೂ ಹೇಳಲಿಲ್ಲ. ಅದನ್ನು ಕಂಡು ಸಾಕವ್ವನಿಗೆ ನಾಚಿಕೆಯಿಂದ ಚಿಪ್ಪಿನೊಳಗೆ ಸೇರಿಬಿಡೋಣ ಎನಿಸಿತು. ಆದರೂ ಕತ್ತು ಚಾಚಿಯೇ ನಿಂತಳು.

"ಇವಳು ಕಲಿಸು ಅಂದಳು, ನಾನು ಕಲಿಸಲಿಲ್ಲ. ನಾಲ್ಕು ಕೆರೆಯಲ್ಲೂ ನನ್ನ ಹೆಸರು ಕೇಳಿಸಬೇಕು ಅನ್ನೋ ಅವಸರ ನನಗೆ."

ಚಿಂಗವ್ವ ಉಳಿದ ಮರಿಯನ್ನು ಅಪ್ಪಿಕೊಂಡು ಬೆನ್ನು ತಿರುಗಿಸಿದಳು.

ಸಾಕವ್ವ ಮೂರು ಕೆರೆಗಳ ಕೆಲಸವನ್ನೂ ಅಂದೇ ನಿಲ್ಲಿಸಿದಳು. ಒಂದೊಂದು ಆಮೆಗೂ ಕಲ್ಲು ಹೊರಿಸಿ ಕಲಿಸತೊಡಗಿದಳು. ಎರಡು ವರ್ಷದ ಮೇಲೆ ಬೋರಿ ಹದ್ದಿನ ನೆರಳಿನಲ್ಲೂ ಅಲುಗದೆ ಈಜಿದಳು. ಬಿದಿರುಗೆರೆಯಲ್ಲಿ ದಾಟುವವರು ಮತ್ತೆ ಸಾಲುಗಟ್ಟಿದರು. ಚಿಂಗವ್ವ ಮಾತ್ರ ಅರ್ಧ ದಿನದ ಹಾದಿ ಸುತ್ತಿ, ನಡೆದೇ ಹೋಗುತ್ತಿದ್ದಳು. ಅವಳನ್ನು ಕರೆಯುವಷ್ಟು ಧೈರ್ಯ ಸಾಕವ್ವನಿಗೆ ಎಂದೂ ಬರಲಿಲ್ಲ.

ನೀತಿ: ಒಳ್ಳೆಯ ಕೆಲಸವನ್ನು ಹಬ್ಬಿಸುವ ಮೊದಲು ಅದನ್ನು ಮಾಡುವವರನ್ನು ತಯಾರು ಮಾಡಬೇಕು; ಇಲ್ಲದಿದ್ದರೆ ನಮ್ಮ ಅವಸರದ ನೋವು ನಮ್ಮನ್ನು ನಂಬಿ ಬಂದವರಿಗೆ ತಟ್ಟುತ್ತದೆ.